ಎಡಕ್ಕೆ ಎಳೆಯುತ್ತಿದ್ದ ಕಾರು

ಅಂದು ಬೆಳಿಗ್ಗೆಯೂ ಎಂದಿನಂತೆ ಐದೂವರೆಗೆ ಎದ್ದು ಹಿತ್ತಿಲ ಬಾಗಿಲು ತೆರೆದೆ. ಹಾಲು ಕಾಯಲಿಟ್ಟು, ನೆನೆಸಿದ್ದ ಅಕ್ಕಿಯನ್ನು ಸೌತೆಕಾಯಿಯ ತುರಿಯೊಂದಿಗೆ ತೆಳ್ಳೇವು ದೋಸೆಗೆಂದು ರುಬ್ಬಿದೆ. ಪಂಪು ಹಾಕಿ ಟ್ಯಾಂಕು ತುಂಬಿಸಿದೆ. ನಮ್ಮನೆಯವರ ಒಂದು ಅಂಗಿಗೆ ಇಸ್ತ್ರಿ ಎಳೆದೆ. ನಮ್ಮ ಸಿದ್ದಾಪುರದಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಯಾರೂ ಹೇಳಲಾರರು. ಅದಕ್ಕೇ ಕರೆಂಟು ಬೇಕಾದ ಕೆಲಸಗಳನ್ನೆಲ್ಲ ಮೊದಲು ಮುಗಿಸಿ, ಬರೀ ಕೈಯಲ್ಲಿ ಆಗುವುದನ್ನು ಆಮೇಲೆ ಇಟ್ಟುಕೊಳ್ಳುವುದು ಅತ್ತೆಯವರ ಕಾಲದಿಂದ ನಡೆದು ಬಂದ ಕ್ರಮ. ಈ ಮನೆಗೆ ಬಂದು ಮೂವತ್ತೊಂದು ವರ್ಷವಾಯಿತು. ಈಗ ಆ ಕ್ರಮವನ್ನು ನಾನು ಯೋಚಿಸಿ ಮಾಡುವುದಿಲ್ಲ, ಕೈ ತಾನಾಗಿ ಮಾಡುತ್ತದೆ.

ಆಮೇಲೆ ನಮ್ಮನೆಯವರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬಲಗಣ್ಣಿಗೆ ಹನಿ ಹಾಕಿದೆ. ಪೊರೆ ತೆಗೆಸಿ ಹನ್ನೊಂದು ದಿನವಾಗಿತ್ತು. ದಿನಕ್ಕೆ ನಾಲ್ಕು ಸಲ ಹನಿ, ಮನೆಯೊಳಗೂ ಕಪ್ಪು ಕನ್ನಡಕ, ಒಂದು ತಿಂಗಳು ಕಾರು ಓಡಿಸಬಾರದು. ಔಷಧದ ಸೀಸೆ ನನ್ನ ಬಲಗೈಯಲ್ಲಿ ಇರುತ್ತಿತ್ತು, ಎಡಗೈಯ ಬೆರಳಲ್ಲಿ ಅವರ ಕೆಳರೆಪ್ಪೆಯನ್ನು ಜಗ್ಗಿ ಹಿಡಿಯುತ್ತಿದ್ದೆ. ಅವರು ಮೇಲೆ ಸೂರಿನ ಕಡೆ ನೋಡುತ್ತಿದ್ದರು. ನಾನು ನನ್ನ ಬೆರಳು ನೋಡುತ್ತಿದ್ದೆ. ಬೆರಳು ನಡುಗಲಿಲ್ಲ. ಆದರೂ ಸಮಾಧಾನವಾಗಲಿಲ್ಲ.

ಎರಡು ವಾರಗಳಿಂದ ಇದೇ ಆಗಿತ್ತು. ಎಡಗೈಯೊಂದರಲ್ಲೇ ಕಾವಲಿ ಎತ್ತಿ ನೋಡುವುದು. ಒರೆಸುವ ಬಟ್ಟೆಯನ್ನು ಹಿಂಡಿ, ನೀರು ಪೂರ್ತಿ ಹೋಯಿತೋ ಇಲ್ಲವೋ ಎಂದು ಇನ್ನೊಮ್ಮೆ ಬಲಗೈಯಲ್ಲಿ ಹಿಂಡಿ ನೋಡುವುದು. ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಕಾರಣವಿಲ್ಲದೆ ತೆಗೆದು ಹಾಕುವುದು. ನಮ್ಮನೆಯವರು ಒಂದು ದಿನ, ಉಪ್ಪಿನಕಾಯಿಗೆ ಪೂರಾ ಗಾಳಿ ತಾಗಿಸಿ ಹಾಳುಮಾಡುತ್ತೀಯ ಎಂದು ಗೊಣಗಿದರು. ಅವರಿಗೆ ಕಾರಣ ಗೊತ್ತಿರಲಿಲ್ಲ.

ಕಾರಣ ಶುರುವಾದದ್ದು ಅದರ ಹಿಂದಿನ ಚೌತಿಯಲ್ಲಿ. ಚಕ್ಕುಲಿ ಕರಿಯುತ್ತಿದ್ದಾಗ ಎಡಗೈಯಲ್ಲಿದ್ದ ಜಾಲರಿ ಸಟ್ಟುಗ ಏಕಾಏಕಿ ಜಾರಿ ಬಿತ್ತು. ಹಿಡಿಗೆ ಎಣ್ಣೆ ಮೆತ್ತಿತ್ತು ಎಂದು ಅಲ್ಲಿದ್ದವರಿಗೆ ಹೇಳಿದೆ. ಎಣ್ಣೆ ಮೆತ್ತಿರಲಿಲ್ಲ. ಎರಡು ಬೆರಳು ಜೋಮು ಹಿಡಿದು ನನ್ನವಲ್ಲದ ಹಾಗಾಗಿದ್ದವು. ಶಿರಸಿಯ ಡಾಕ್ಟರರು ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ ಎಂದರು, ವ್ಯಾಯಾಮ ಹೇಳಿಕೊಟ್ಟರು, ನಾಲ್ಕು ತಿಂಗಳಲ್ಲಿ ಸರಿಹೋಯಿತು. ಕೊನೆಯ ಸಲ ಹೋದಾಗ ಮಾತ್ರ ಅವರು ಒಂದು ಮಾತು ಸೇರಿಸಿದ್ದರು: ಹಿಡಿತ ಮತ್ತೆ ಸಡಿಲಾಯಿತು ಅನ್ನಿಸಿದರೆ ಆ ದಿನದಿಂದಲೇ ಕಾರು ಓಡಿಸುವುದನ್ನು ನಿಲ್ಲಿಸಿ ಬನ್ನಿ. ಮನೆಯಲ್ಲಿ ನಾನು ಹೇಳಿದ್ದು ಕುತ್ತಿಗೆ ನೋವು ಎಂದಷ್ಟೇ.

ಈಗ ಕಾರು ಎಡಕ್ಕೆ ಎಳೆಯುತ್ತಿತ್ತು. ಮತ್ತು ನಾಡಿದ್ದು, ಶುಕ್ರವಾರ, ನಾನು ಆ ಕಾರಿನಲ್ಲಿ ಮಗಳನ್ನು ಕರೆತರಬೇಕಿತ್ತು.

ಮಗಳನ್ನು ಕೊಟ್ಟಿರುವುದು ಯಲ್ಲಾಪುರ ತಾಲೂಕಿಗೆ, ಮಂಚಿಕೇರಿಯಿಂದ ಒಳಗೆ. ಚೊಚ್ಚಲು, ಏಳು ತುಂಬಿತ್ತು. ಬಾಣಂತನಕ್ಕೆ ತವರಿನವರೇ ಬಂದು ಕರೆದೊಯ್ಯಬೇಕು, ಶುಕ್ರವಾರ ಒಳ್ಳೆಯದು ಎಂದು ಎರಡೂ ಕಡೆಯವರು ಸೇರಿ ಗೊತ್ತುಮಾಡಿದ್ದು. ಅವರ ಮನೆಗೆ ಹೋಗುವ ಕೊನೆಯ ಮಣ್ಣುದಾರಿಯಲ್ಲಿ ಚಿರೇಕಲ್ಲು ಅಲ್ಲಲ್ಲಿ ಎದ್ದು ನಿಂತಿದೆ. ಸಂಕ್ರಾಂತಿಯ ಸುಮಾರಿಗೆ ಹೋದಾಗ ನಮ್ಮ ಕಾರಿನ ಹೊಟ್ಟೆ ಎರಡು ಕಡೆ ಕಲ್ಲಿಗೆ ತಾಗಿ ಗರಕ್ಕೆಂದಿತ್ತು. ನಮ್ಮನೆಯವರು ಆ ಸದ್ದನ್ನು ಮರೆಯಲಿಲ್ಲ. ಮಗಳು ಕೂತಾಗ ಹಾಗಾಗಬಾರದು ಎಂದು, ಕಣ್ಣಿನ ಆಪರೇಷನ್ನಿಗೆ ನಾಲ್ಕು ದಿನ ಮೊದಲು ಶಿರಸಿಗೆ ಹೋಗಿ ಕಾರನ್ನು ಎತ್ತರ ಮಾಡಿಸಿಕೊಂಡು ಬಂದರು. ಸ್ಪ್ರಿಂಗುಗಳಿಗೆ ದಪ್ಪ ರಬ್ಬರ್ ಬಿಲ್ಲೆ ಕೂರಿಸುತ್ತಾರಂತೆ. ನಮ್ಮನೆಯವರು ಭೂಮಾಪಕರಾಗಿ ನಿವೃತ್ತರಾದವರು, ಅಳೆಯದೆ ಏನನ್ನೂ ಒಪ್ಪುವುದಿಲ್ಲ. ಟೇಪು ಹಿಡಿದು, ಒಂದೂವರೆ ಇಂಚು ಸರಿಯಾಗಿ ಎದ್ದಿದೆ ಎಂದು ಅಂಗಳದಲ್ಲಿ ನನಗೆ ಮೂರು ಕಡೆ ತೋರಿಸಿದರು. ಕಾರು ಸ್ವಲ್ಪ ಹಿಮ್ಮಡಿಯೆತ್ತಿ ನಿಂತ ಹಾಗೆ ಕಾಣುತ್ತಿತ್ತು. ಹತ್ತುವಾಗ ಸೀರೆ ಬಾಗಿಲಿಗೆ ಸಿಕ್ಕುವುದು ತಪ್ಪಿತು ಎಂದು ಖುಷಿಪಟ್ಟೆ.

ಮರುದಿನ ಅದನ್ನು ಓಡಿಸಿದಾಗ, ಪೇಟೆ ದಾಟಿ ನೇರ ರಸ್ತೆಗೆ ಬರುತ್ತಲೇ ಕಾರು ಮೆಲ್ಲಗೆ ಎಡಕ್ಕೆ ಸರಿಯಿತು. ಮಕ್ಕಳು ಸೆರಗು ಹಿಡಿದು ಜಗ್ಗಿದ ಹಾಗೆ, ಜೋರಾಗಿಯೂ ಅಲ್ಲ, ಬಿಡದೆ. ಬಲಕ್ಕೆ ತಿರುಗಿಸಿ ಹಿಡಿದೆ. ಸ್ಟೀರಿಂಗ್ ಸೊಟ್ಟಗೆ ಇಟ್ಟುಕೊಂಡರೆ ಮಾತ್ರ ಕಾರು ನೆಟ್ಟಗೆ. ಎಡಗೈ ಭಾರವಾಗಿ ಸ್ಟೀರಿಂಗಿಗೆ ಜೋತುಬಿದ್ದು ಅದನ್ನು ಕೆಳಗೆ ಎಳೆಯುತ್ತಿದೆ, ನನಗೇ ತಿಳಿಯುತ್ತಿಲ್ಲ ಎಂದುಕೊಂಡೆ.

ಕಾರಿನದೇ ದೋಷವಿರಬಹುದು ಎಂದು ಮೊದಲು ಹೊಳೆಯಲಿಲ್ಲವೇ ಎಂದು ಕೇಳಬಹುದು. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ನಮಗೆ ಕಾಪಿ ಬರೆಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಬಹಳ ಮೆದು ದನಿಯವರು. ಅಕ್ಷರ ವಾಲಿದರೆ ಎಂದೂ ಹೊಡೆಯುತ್ತಿರಲಿಲ್ಲ. ಪುಸ್ತಕವನ್ನೂ ದೂರುತ್ತಿರಲಿಲ್ಲ, ಪೆನ್ನನ್ನೂ ದೂರುತ್ತಿರಲಿಲ್ಲ. ಹತ್ತಿರ ಬಂದು, ನೀನು ಹೇಗೆ ಕೂತಿದ್ದೀಯ ಮೊದಲು ನೋಡಿಕೋ ಎನ್ನುತ್ತಿದ್ದರು. ಐವತ್ತು ದಾಟಿದರೂ ನಾನು ಹಾಗೇ ಉಳಿದಿದ್ದೇನೆ. ಹಾಲು ಒಡೆದರೂ ಮೊದಲು ನಾನು ಪಾತ್ರೆ ಸರಿಯಾಗಿ ತೊಳೆದೆನೋ ಎಂದೇ ಯೋಚಿಸುವುದು.

ಸಾಲದ್ದಕ್ಕೆ, ಕಾರಿನದಲ್ಲ ಎನ್ನುವುದಕ್ಕೆ ಸಾಕ್ಷಿಯೂ ಇತ್ತು. ಎತ್ತರ ಮಾಡಿಸಿದ ದಿನವೇ ನಮ್ಮನೆಯವರು ಚಕ್ರಗಳ ಅಲೈನ್‌ಮೆಂಟನ್ನೂ ಮಾಡಿಸಿ ಬಂದಿದ್ದರು. ನಾಲ್ಕೂ ಚಕ್ರ ನೆಟ್ಟಗಿವೆ ಎಂದು ಮೆಷಿನ್ನು ಹಸಿರು ಬಣ್ಣದಲ್ಲಿ ಅಂಕಿ ಹಾಕಿ ಕೊಟ್ಟ ಹಾಳೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಅವತ್ತು ಶಿರಸಿಯಿಂದ ಅವರೇ ಓಡಿಸಿಕೊಂಡು ಬಂದಾಗ ಏನೂ ಅನ್ನಿಸಲಿಲ್ಲವಂತೆ. ಪೊರೆ ತುಂಬಿದ ಕಣ್ಣಲ್ಲಿ, ಸ್ಟೀರಿಂಗಿನ ಮೇಲೆ ಬಗ್ಗಿ, ಎತ್ತಿನಗಾಡಿಯ ವೇಗದಲ್ಲಿ ಬಂದವರಿಗೆ ಏನು ಅನ್ನಿಸುತ್ತದೆ ಎಂದು ಆಗ ನಾನು ಕೇಳಲಿಲ್ಲ.

ಅಂದು ಬುಧವಾರ ಅವರ ಕಣ್ಣು ತೋರಿಸಲು ಶಿರಸಿಗೆ ಹೋಗಬೇಕಿತ್ತು. ತೆಳ್ಳೇವು ತಿನ್ನುತ್ತಿರುವಾಗ ಮಗಳ ಫೋನು ಬಂತು.

"ಅಮ್ಮ, ನಿಂಗೆ ಅಷ್ಟು ದೂರ ಕಷ್ಟ ಆಗ್ತಿದ್ರೆ ಬ್ಯಾಡ. ಇವ್ರೇ ಕರ್ಕಂಡು ಬತ್ರಡ."

ಯಾಕೆ ಹಾಗೆ ಕೇಳಿದಳೋ. ನನ್ನ ದನಿಯಲ್ಲಿ ಏನಾದರೂ ಇತ್ತೇನೋ. ಅದೆಲ್ಲ ಆಗುವ ಮಾತಲ್ಲ, ನಿನ್ನ ಅತ್ತೆ ಉಡಿ ತುಂಬಿಸಿ ಕಳಿಸುವುದು ನಮ್ಮ ಕೈಗೆ, ಗಂಡನ ಕೈಗಲ್ಲ ಎಂದು ನಗುತ್ತ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ. ಕೈ ಬಗ್ಗೆ ಹೇಳಿಬಿಟ್ಟರೆ ಅಳಿಯ ಕರೆತರುತ್ತಾನೆ, ಏನೂ ಮುಳುಗಿಹೋಗುವುದಿಲ್ಲ. ಆದರೆ ಅಲ್ಲಿಗೆ ನನ್ನ ಓಡಾಟವೂ ಮುಗಿಯುತ್ತದೆ. ಹೆರಿಗೆಯ ಹೊತ್ತಿಗೆ ಶಿರಸಿಯ ಆಸ್ಪತ್ರೆಗೆ ಯಾರು ಓಡಿಸುವುದು? ಹೇಳದೆ ಓಡಿಸಿದರೆ, ಯಾವುದೋ ತಿರುವಿನಲ್ಲಿ ಸಟ್ಟುಗದ ಹಾಗೆ ಸ್ಟೀರಿಂಗೂ ಜಾರಿದರೆ?

ಒಂಬತ್ತಕ್ಕೆ ಹೊರಟೆವು. ತಿರುವುಗಳಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ನೇರ ರಸ್ತೆ ಬಂದಾಗಲೇ ಎಳೆತ. ಎಲ್ಲರೂ ಆರಾಮಾಗಿ ಹೋಗುವ ನೇರ ದಾರಿಯೇ ನನಗೆ ಹೆದರಿಕೆಯದಾಗಿತ್ತು. ಎರಡು ಕೈಯಲ್ಲೂ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದೆ. ಬಿಗಿ ಹಿಡಿದಷ್ಟೂ ಎಡಗೈ ಸೋಲುತ್ತಿತ್ತು, ಸೋತಷ್ಟೂ ಬಿಗಿ ಹಿಡಿಯುತ್ತಿದ್ದೆ. ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಹೊಡೆದು ಕಡೆಗೆ ದಾಟಿ ಹೋದ. ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಕೊರಳು ತಿರುಗಿಸಿ ನನ್ನನ್ನೇ ನೋಡಿದಳು.

ಕಾರು ಯಾಕೋ ಎಡಕ್ಕೆ ಹೋಗುತ್ತದೆ ಎಂದು, ಕಾರಿನ ಮೇಲೆ ಹಾಕಿ, ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳಿದೆ. ನಮ್ಮನೆಯವರು ಕಪ್ಪು ಕನ್ನಡಕದೊಳಗಿಂದ ರಸ್ತೆಯ ಕಡೆ ಮುಖ ಮಾಡಿದರು.

"ರಸ್ತೆನೇ ಹಾಂಗಿರ್ತು. ನೀರು ನಿಲ್ಲಲಾಗ ಹೇಳಿ ಮಧ್ಯ ಎತ್ತರ, ಬದೀಗೆ ಇಳಿಜಾರು ಇಟ್ಟಿರ್ತ. ನೀ ಎಡಬದೀಗೆ ಹೋಗ್ತೆ, ಎಡಕ್ಕೇ ಎಳೀತು. ಅಲೈನ್‌ಮೆಂಟ್ ಮಾಡ್ಸಿ ತಿಂಗ್ಳೂ ಆಜಿಲ್ಲೆ."

ಜೀವಮಾನವಿಡೀ ಇಳಿಜಾರು ಅಳೆದವರು ಅವರು. ಇದೇ ರಸ್ತೆಯಲ್ಲಿ ಎಂಟು ವರ್ಷದಿಂದ ಓಡಿಸುತ್ತಿದ್ದೇನೆ, ಮೊದಲು ಯಾಕೆ ಎಳೆಯಲಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಅದಕ್ಕೆ ಉತ್ತರ ನನ್ನ ಬಳಿಯೇ ಇದೆ ಎಂದುಕೊಂಡಿದ್ದೆ.

ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಅರಳಿಸುವ ಔಷಧ ಹಾಕಿ, ಒಂದೂವರೆ ತಾಸು ಕಣ್ಣು ಮುಚ್ಚಿ ಕೂರಬೇಕು ಎಂದರು. ಆಪರೇಷನ್ನಿನ ಚೀಟಿ ಎಲ್ಲಿ ಎಂದು ನರ್ಸಮ್ಮ ಕೇಳಿದರು. ಅದು ಕಾರಿನ ಖಾನೆಯಲ್ಲಿತ್ತು. ಹೋಗಿ ಖಾನೆ ತೆಗೆದೆ. ಚೀಟಿಯ ಕೆಳಗೆ ಅಲೈನ್‌ಮೆಂಟಿನ ಹಾಳೆ. ಅಚ್ಚಾದದ್ದು ಯಾವುದೇ ಕಣ್ಣಿಗೆ ಬಿದ್ದರೂ ಮೊದಲಿನಿಂದ ಕೊನೆಯವರೆಗೆ ಓದುವುದು ನನ್ನ ಹಳೆಯ ಚಟ. ಕಡಲೆಕಾಯಿ ಕಟ್ಟಿದ ಕಾಗದವನ್ನೂ ಬಿಡುವುದಿಲ್ಲ. ಬಿಸಿಲಿಗೆ ಕಾದ ಸೀಟಿನಲ್ಲಿ ಕೂತು ಓದಿದೆ. ಕಾರಿನ ನಂಬರು. ಚಕ್ರದ ಚಿತ್ರಗಳು. ಹಸಿರು ಅಂಕಿಗಳು. ಮೇಲೆ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು, ಅದರ ಪಕ್ಕ ಹೊತ್ತು: ಒಂಬತ್ತು ಗಂಟೆ ನಲವತ್ತೆಂಟು ನಿಮಿಷ.

ಚೀಟಿಯನ್ನು ನರ್ಸಮ್ಮನಿಗೆ ಕೊಟ್ಟು ಹೊರಗೆ ಬಂದವಳು ಮೆಟ್ಟಿಲ ಮೇಲೆ ನಿಂತುಬಿಟ್ಟೆ.

ನಮ್ಮನೆಯವರು ಕಾರು ಎತ್ತರ ಮಾಡಿಸಲು ಹೋದ ದಿನ ಅಪ್ಪೆಹುಳಿ ಮಾಡಿದ್ದೆ, ವರ್ಷದ ಮೊದಲ ಮಾವಿನಕಾಯಿಯದು. ಎರಡು ತಟ್ಟೆ ಇಟ್ಟು ಕಾಯುತ್ತಿದ್ದಾಗ ಅವರ ಫೋನು ಬಂತು. ಕಾರಿನ ಚಕ್ರ ಬಿಚ್ಚಿಟ್ಟಿದ್ದಾರೆ, ಸ್ಪ್ರಿಂಗೆಲ್ಲ ಕೆಳಗೆ ಬಿದ್ದಿದೆ, ಇನ್ನೂ ಎರಡು ತಾಸಾದರೂ ಬೇಕು, ನೀನು ಉಣ್ಣು, ನಾನು ಹೋಟೆಲಿನಲ್ಲಿ ಉಂಡುಕೊಳ್ಳುತ್ತೇನೆ ಎಂದರು. ಆಗ ಒಂದು ಗಂಟೆಯ ಮೇಲಾಗಿತ್ತು. ಎರಡನೆಯ ತಟ್ಟೆಯನ್ನು ಎತ್ತಿಟ್ಟದ್ದು, ಅಪ್ಪೆಹುಳಿ ಸಂಜೆಗೆ ಕಹಿಯಾದೀತು ಎಂದು ಬೇಜಾರಾದದ್ದು ಸರಿಯಾಗಿ ನೆನಪಿತ್ತು.

ಎಂದರೆ ಒಂಬತ್ತು ನಲವತ್ತೆಂಟಕ್ಕೆ ಮೆಷಿನ್ನು ನೆಟ್ಟಗಿದೆ ಎಂದು ಹೇಳಿದ್ದು ಹಳೆಯ, ತಗ್ಗು ಕಾರಿಗೆ. ಎತ್ತರ ಮಾಡಿದ್ದು ಅದರ ನಂತರ.

ಮೊದಲು ಅಲೈನ್‌ಮೆಂಟ್ ಯಾಕೆ ಮಾಡಿಸಿದರು ಎಂದುಕೊಳ್ಳುವಷ್ಟರಲ್ಲಿ ಕಿವಿ ಬಿಸಿಯಾಯಿತು. ಮಾಡಿಸಿದ್ದು ನಾನು. ಅವತ್ತು ಬೆಳಿಗ್ಗೆ ಪೇಪರಿನಲ್ಲಿ ಶಿರಸಿಯಲ್ಲಿ ಹನ್ನೊಂದರಿಂದ ಐದರವರೆಗೆ ವಿದ್ಯುತ್ ವ್ಯತ್ಯಯ ಎಂದಿತ್ತು. ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ನಾನು ಅಡುಗೆಮನೆಯಿಂದಲೇ ಕೂಗಿ ಹೇಳಿದ್ದೆ: ಅಲೈನ್‌ಮೆಂಟ್ ಮೆಷಿನ್ನಿಗೆ ಕರೆಂಟು ಬೇಕಲ್ಲ, ಅದನ್ನು ಮೊದಲು ಮುಗಿಸಿಕೊಂಡುಬಿಡಿ, ಸ್ಪ್ರಿಂಗಿನ ಕೆಲಸ ಹೇಗೂ ಕೈಯಲ್ಲಿ ಮಾಡುವುದು, ಆಮೇಲಾದರೂ ಆಗುತ್ತದೆ. ಅದು ಬಹಳ ಬುದ್ಧಿವಂತಿಕೆಯ ಮಾತು ಎಂದು ಅವರಿಗೂ ಅನ್ನಿಸಿತ್ತು. ನನಗಂತೂ ಅನ್ನಿಸಿಯೇ ಇತ್ತು.

ಇಷ್ಟಾದರೂ ಮನಸ್ಸು ಪೂರ್ತಿ ಹಗುರಾಗಲಿಲ್ಲ. ಕಾರು ಸೊಟ್ಟಗಿರಬಹುದು ಎಂದು ಗೊತ್ತಾಯಿತೇ ಹೊರತು ಕೈ ನೆಟ್ಟಗಿದೆ ಎಂದು ಗೊತ್ತಾಗಲಿಲ್ಲ. ಎರಡೂ ಸೊಟ್ಟಗಿರಬಹುದಲ್ಲ. ನಮ್ಮನೆಯವರು ಕಣ್ಣು ಮುಚ್ಚಿ ಬೆಂಚಿಗೆ ಒರಗಿದ್ದರು. ಅವರಿಗೆ ಏನೂ ಹೇಳದೆ, ಸ್ವಲ್ಪ ಪೇಟೆ ಕೆಲಸ ಮುಗಿಸಿ ಬರುತ್ತೇನೆ ಎಂದು ಹೊರಟೆ. ಹಾಳೆಯ ಮೇಲಿದ್ದ ಅಂಗಡಿ ಹುಬ್ಬಳ್ಳಿ ರಸ್ತೆಯ ಕಡೆಗಿತ್ತು.

ಅಂಗಡಿಯವರಿಗೆ ನನ್ನದೇ ವಯಸ್ಸು. ಕನ್ನಡಕದ ಕಡ್ಡಿಗೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದರು, ಬೆರಳ ಗೆರೆಗಳಲ್ಲಿ ಕಪ್ಪು ಎಣ್ಣೆ ಕೂತಿತ್ತು. ಹಾಳೆ ಕೊಟ್ಟು, ಇದಾದ ಮೇಲೆ ಬೇರೆ ಗ್ಯಾರೇಜಿನಲ್ಲಿ ಕಾರು ಎತ್ತರ ಮಾಡಿಸಿದ್ದು, ಈಗ ಎಡಕ್ಕೆ ಎಳೆದ ಹಾಗೆ ಆಗುತ್ತದೆ ಎಂದೆ. ನನ್ನ ಕೈಯದೂ ಇರಬಹುದು ಎಂದು ಕೊನೆಗೆ ಸಣ್ಣಗೆ ಸೇರಿಸಿದೆ. ಅವರು ನನ್ನ ಕೈಯನ್ನು ನೋಡಲೂ ಇಲ್ಲ. ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದರು. ನೀವೂ ಮುಟ್ಟಿ ನೋಡಿ ಎಂದರು. ಮುಟ್ಟಿದೆ. ಒಳಬದಿಯ ಅಂಚಿನಲ್ಲಿ ಬೆರಳು ಒಂದು ಕಡೆಗೆ ಆಡಿಸಿದರೆ ನುಣುಪು, ವಾಪಸು ಬಂದರೆ ಬೆಕ್ಕಿನ ನಾಲಿಗೆಯಂತೆ ಒರಟು. ಚಕ್ರ ನೆಟ್ಟಗೆ ಉರುಳದೆ ಉಜ್ಜಿಕೊಂಡು ಹೋದರೆ ಹೀಗಾಗುತ್ತದಂತೆ. ಹೀಗೇ ಓಡಿಸಿದ್ದರೆ ಮಳೆಗಾಲದೊಳಗೆ ಟೈರು ಬೋಳಾಗುತ್ತಿತ್ತಂತೆ.

ಆಮೇಲೆ ಒಂದು ಸುತ್ತು ಹೋಗಿ ಬರೋಣ ಎಂದು ಅವರು ಓಡಿಸಲು ಕೂತರು, ನಾನು ಪಕ್ಕದಲ್ಲಿ. ಊರ ಹೊರಗೆ ಅಗಲವಾದ ನೇರ ರಸ್ತೆ ಬಂತು. ಹಿಂದೆ ಮುಂದೆ ಗಾಡಿಗಳಿರಲಿಲ್ಲ. ಅವರು ವೇಗ ಇಳಿಸಿ ಎರಡೂ ಕೈಯನ್ನು ಸ್ಟೀರಿಂಗಿನಿಂದ ತೆಗೆದು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು, ಮಂಗಳಾರತಿ ತೆಗೆದುಕೊಳ್ಳುವವರ ಹಾಗೆ.

"ನೋಡಿ ಅಕ್ಕಾ. ಕೈಯೇ ಇಲ್ಲ. ಹೋಗ್ತದಾ ಇಲ್ವಾ ಎಡಕ್ಕೆ?"

ಹೋಗುತ್ತಿತ್ತು. ರಸ್ತೆಯ ನಡುವಿನ ಬಿಳಿಗೆರೆ ನಮ್ಮಿಂದ ನಿಧಾನವಾಗಿ ದೂರ ಸರಿಯಿತು, ಎಡಬದಿಯ ಕೆಮ್ಮಣ್ಣು ಹತ್ತಿರ ಬಂತು. ಬಲಗೈಯೂ ಇಲ್ಲ, ಎಡಗೈಯೂ ಇಲ್ಲ. ಅವರು ಸ್ಟೀರಿಂಗ್ ಹಿಡಿದುಕೊಂಡರು. ನಾನು ಮಡಿಲಲ್ಲಿದ್ದ ನನ್ನ ಎಡಗೈಯನ್ನು ನೋಡಿದೆ. ಅದು ಸೆರಗಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತೆಂದರೆ, ಬಿಡಿಸಿಕೊಂಡ ಮೇಲೂ ಬಟ್ಟೆಯಲ್ಲಿ ನಿರಿಗೆ ಉಳಿಯಿತು.

ಇಷ್ಟು ಸಣ್ಣ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಕೈ ಬಿಟ್ಟು ನೋಡುವುದು. ಗೇರು ಹಾಕಲು ಎಡಗೈ ತೆಗೆದಾಗಲೂ ಕಾರು ಎಡಕ್ಕೇ ಹೋಗುತ್ತಿತ್ತಲ್ಲ, ಅದನ್ನಾದರೂ ಗಮನಿಸಬಹುದಿತ್ತು. ಸಣ್ಣಪುಟ್ಟದ್ದೆಲ್ಲ ನೋಡುವವಳು ಎಂದು ನನಗೆ ಒಳಗೊಳಗೇ ಒಂದು ಹೆಮ್ಮೆಯಿದೆ. ಹೆದರಿದಾಗ ನಾನು ನೋಡಿದ್ದೆಲ್ಲ ನನ್ನನ್ನೇ.

ಅಂಗಡಿಗೆ ಬಂದು ಕಾರನ್ನು ಎತ್ತರದ ಕಟ್ಟೆಯ ಮೇಲೆ ಹತ್ತಿಸಿ, ನಾಲ್ಕು ಚಕ್ರಕ್ಕೂ ಹಿಡಿಕೆಗಳಂಥವನ್ನು ಕಚ್ಚಿಸಿದರು. ಎದುರಿನ ಪರದೆಯಲ್ಲಿ ಅಂಕಿಗಳು ಬಂದವು. ಈ ಸಲ ಮುಂದಿನ ಎರಡೂ ಕೆಂಪು. ಎಡಗಡೆಯದು ಬಲಗಡೆಗಿಂತ ಹೆಚ್ಚು ಹೊರಕ್ಕೆ ತಿರುಗಿತ್ತು. ಸ್ಪ್ರಿಂಗಿಗೆ ಏನೋ ಇಟ್ಟರೆ ಚಕ್ರ ಯಾಕೆ ಸೊಟ್ಟಗಾಗಬೇಕು ಎಂದು ಕೇಳಿದೆ. ಚಕ್ರವನ್ನು ತಿರುಗಿಸುವ ಸರಳು ಮೊದಲು ಅಡ್ಡಲಾಗಿ ಇರುತ್ತದೆ, ಕಾರಿನ ಮೈ ಮೇಲೆದ್ದರೆ ಅದು ಇಳಿಜಾರಾಗುತ್ತದೆ, ಇಳಿಜಾರಾದಾಗ ಚಕ್ರದ ಮುಖ ತಿರುಗಿಸಿಬಿಡುತ್ತದೆ ಎಂದು ತಮ್ಮ ಎರಡು ಮೊಣಕೈ ಎತ್ತಿ ಇಳಿಸಿ ತೋರಿಸಿದರು. ನನ್ನ ಮುಖ ನೋಡಿ ಇನ್ನೂ ಸುಲಭ ಮಾಡಿದರು.

"ನೀವು ಸೀರೆ ಎತ್ತಿ ಕಟ್ಟಿದ್ರೆ ನೆರಿಗೆ ಮತ್ತೆ ಹಿಡೀಲಿಕ್ಕೇ ಬೇಕಲ್ಲ ಅಕ್ಕಾ? ಮೊದ್ಲು ನೆರಿಗೆ ಹಿಡ್ದು ಆಮೇಲೆ ಎತ್ತಿ ಕಟ್ತೆ ಅಂದ್ರೆ ಹ್ಯಾಂಗೆ?"

ನಿಮ್ಮ ಮನೆಯ ಸಾಯೇಬರು ಅವತ್ತು ಎತ್ತರ ಮಾಡಿಸುವ ವಿಷಯ ಬಾಯಿಬಿಟ್ಟಿದ್ದರೆ ನಾನೇ ವಾಪಸು ಕಳಿಸುತ್ತಿದ್ದೆ ಎಂದೂ ಹೇಳಿದರು. ಕರೆಂಟು ಹೋಗುವುದರೊಳಗೆ ಬೇಗ ಮಾಡು, ಮನೆಯವಳು ಹೇಳಿ ಕಳಿಸಿದ್ದಾಳೆ ಎಂದಷ್ಟೇ ಅವಸರಪಡಿಸಿದರಂತೆ. ಆ ಮನೆಯವಳು ನಾನೇ ಎಂದು ನಾನು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ. ಅವರು ಕಾರಿನ ಕೆಳಗೆ ಸ್ಪ್ಯಾನರ್ ಹಿಡಿದು ನಿಂತಿದ್ದವರು ನಗುತ್ತ ಒಂದು ಕ್ಷಣ ಕೆಲಸ ನಿಲ್ಲಿಸಿದರು. ಅವರು ಸರಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದಂತೆ ಪರದೆಯ ಮೇಲಿನ ಕೆಂಪು ಅಂಕಿ ಇಳಿಯಿತು, ಇಳಿಯಿತು, ಒಮ್ಮೆ ಹಸಿರಾಗಿ ಮತ್ತೆ ಕೆಂಪಾಯಿತು, ಕಡೆಗೆ ಹಸಿರಾಗಿ ನಿಂತಿತು. ಅಷ್ಟರಲ್ಲಿ ಎಲ್ಲಾದರೂ ಕರೆಂಟು ಹೋದೀತೆಂದು ನಾನು ಉಸಿರು ಹಿಡಿದಿದ್ದೆ.

ಆಸ್ಪತ್ರೆಗೆ ವಾಪಸು ಬರುವಾಗ ಖಾಲಿ ರಸ್ತೆಯಲ್ಲಿ ನಿಧಾನ ಮಾಡಿ ನಾನೂ ಕೈ ಬಿಟ್ಟೆ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಕಾರು ತನ್ನ ಪಾಡಿಗೆ ನೆಟ್ಟಗೆ ಹೋಯಿತು. ಯಾರಾದರೂ ನೋಡಿದರೇನೋ ಎಂದು ನಾಚಿಕೆಯಾಗಿ ಮತ್ತೆ ಹಿಡಿದುಕೊಂಡೆ.

ನಮ್ಮನೆಯವರು ಪೇಟೆ ಕೆಲಸಕ್ಕೆ ಇಷ್ಟು ಹೊತ್ತೇ ಎಂದು ಮುಖ ಬಿಗಿದಿದ್ದರು. ಕಣ್ಣು ಚೆನ್ನಾಗಿ ಮಾಗುತ್ತಿದೆ ಎಂದು ಡಾಕ್ಟರರು ಹೇಳಿದ್ದನ್ನೂ ಬೇಜಾರಿನಲ್ಲೇ ಹೇಳಿದರು. ದಾರಿಯಲ್ಲಿ ಹಾಳೆಯ ಹೊತ್ತು, ಫೋನು, ಅಪ್ಪೆಹುಳಿ, ಟೈರು, ಸೀರೆಯ ನೆರಿಗೆ ಎಲ್ಲ ಹೇಳಿದೆ. ಇಳಿಜಾರಿನ ಮಾತು ಮತ್ತೆ ಬರಲಿಲ್ಲ. ಊರು ಅರ್ಧ ದಾರಿ ಉಳಿದಿರುವಾಗ, ಕಾರು ಇಷ್ಟು ನೆಟ್ಟಗೆ ಹೋಗುತ್ತಿರುವ ಧೈರ್ಯಕ್ಕೋ ಏನೋ, ಚೌತಿಯ ಸಟ್ಟುಗದಿಂದ ಹಿಡಿದು ಕೈಯ ಕಥೆಯನ್ನೂ ಹೇಳಿಬಿಟ್ಟೆ. ಡಾಕ್ಟರರ ಕೊನೆಯ ಮಾತನ್ನೂ.

"ಯಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

"ಹೇಳಿದ್ರೆ ಕಾರಿನ ಕೀ ಇಸ್ಕತ್ತಿದ್ರಿ."

ಅವರು ಯೋಚಿಸಿದರು. "ಇಸ್ಕತ್ತಿದ್ದಿ," ಎಂದು ಒಪ್ಪಿಕೊಂಡರು.

ಆಮೇಲೆ ಮನೆ ಬರುವವರೆಗೆ ಅವರು ರಸ್ತೆ ನೋಡಲಿಲ್ಲ, ಸ್ಟೀರಿಂಗಿನ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದರು. ಕಪ್ಪು ಕನ್ನಡಕವಿದ್ದರೂ ಅದು ಗೊತ್ತಾಗುತ್ತದೆ. ಹಾಗೆ ನೋಡಬೇಡಿ ಎನ್ನಬೇಕೆನ್ನಿಸಿತು. ಇಳಿಯುವಾಗ ಮಾತ್ರ, ಶುಕ್ರವಾರ ಮಗಳನ್ನು ಕರೆತಂದ ಮೇಲೆ ಒಮ್ಮೆ ಡಾಕ್ಟರರಿಗೆ ತೋರಿಸಿಬಿಡೋಣ ಎಂದರು. ಕರೆತರುವ ಮೊದಲು ಎನ್ನಲಿಲ್ಲ. ಗೇಟು ಹಾಕುವ ನೆಪದಲ್ಲಿ ಹಿಂದೆ ಉಳಿದೆ.

ಸಂಜೆ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಮಗಳಿಗೆಂದು ಒಗೆದು ಹಾಕಿದ್ದ ಹಳೆಯ ಮೆತ್ತನೆಯ ಸೀರೆಗಳು ಒಣಗಿ ಗರಿಗರಿಯಾಗಿದ್ದವು. ಕೂಸಿಗೆ ಅವೇ ಒಳ್ಳೆಯದು. ಮಡಚುವಾಗ ಎಡಗೈಯ ಎರಡು ಬೆರಳನ್ನು ಸುಮ್ಮನೆ ಹೆಬ್ಬೆರಳಿಗೆ ಒತ್ತಿ ನೋಡಿಕೊಂಡೆ. ಸರಿಯಿದ್ದವು. ಮಧ್ಯಾಹ್ನದಿಂದ ಅದು ಎಷ್ಟನೆಯ ಸಲವೋ. ಚಕ್ರಕ್ಕಾದರೆ ಹಸಿರು ಅಂಕಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಕೈಗೆ ಹಾಗೆ ಯಾವ ಪರದೆಯೂ ಇಲ್ಲ. ಶುಕ್ರವಾರ ಎಷ್ಟು ಹೊತ್ತಿಗೆ ಹೊರಡಬೇಕು, ದಾರಿಯಲ್ಲಿ ಎರಡು ಕಡೆ ನಿಲ್ಲಿಸಬೇಕೋ ಮೂರು ಕಡೆಯೋ, ತಲೆದಿಂಬು ಹಿಂದಿನ ಸೀಟಿಗೆ ಒಂದು ಸಾಕೋ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ.

ಪಕ್ಕದ ಮನೆಯವರು ಹಾವೇರಿ ಕಡೆಯವರು, ಯಜಮಾನರ ಕೆಲಸದ ಮೇಲೆ ಇಲ್ಲಿಗೆ ಬಂದು ಎರಡು ವರ್ಷ. ಆಕೆ ತಮ್ಮ ಬಟ್ಟೆಯ ರಾಶಿಯನ್ನು ಹೆಗಲಿಗೆ ಹಾಕಿಕೊಂಡು ಕಂಪೌಂಡಿನ ಆಚೆಯಿಂದ ಇಣುಕಿದರು. ಮಗಳು ಯಾವಾಗ ಬರುತ್ತಾಳೆ ಎಂದು ಕೇಳಿದರು, ಹೇಳಿದೆ. ಒಳಗೆ ಹೋಗುತ್ತ, ತಿರುಗಿಯೂ ನೋಡದೆ, ನೆನಪಾದವರ ಹಾಗೆ ಅಂದರು:

"ಅಕ್ಕಾರ, ನಾಳೆ ಹತ್ರಿಂದ ಐದರ ತನಕಾ ಕರೆಂಟ್ ಇರಂಗಿಲ್ಲಂತ್ರಿ, ಮೊಬೈಲ್‌ನ್ಯಾಗ ಬಂದೈತಿ. ಕರೆಂಟಿನ ಕೆಲ್ಸ ಏನ್ ಐತಿ, ಎಲ್ಲಾ ಮೊದ್ಲ ಮುಗಿಸಿಬಿಡ್ರಿ."